ಮರದ ಪರವಾಗಿ ಒಂದು ಮಾತು

ಮೊನ್ನೆ ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬಳು ಕಿತ್ತಳೆ ಸುಲಿದಳು. ಎದುರುಗಡೆ ಗಾಡಿಯವನು ‘ಕೊಡಗಿನ ಕಿತ್ತಳೆ, ಕೊಡಗಿನ ಕಿತ್ತಳೆ’ ಎಂದು ಕೂಗಿ ನಾಗಪುರದ ಹಣ್ಣು ಮಾರುತ್ತಿದ್ದ. ಅದು ಅವನಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಆದರೆ ಈ ಹೆಂಗಸಿನ ಮಡಿಲಲ್ಲಿದ್ದದ್ದು ನಿಜವಾಗಿ ನಮ್ಮ ಕಡೆಯ ಹಣ್ಣು. ಯಾರದೋ ಹಿತ್ತಲಿನಲ್ಲಿ ಹೇಗೋ ಉಳಿದುಕೊಂಡ ಮರದ್ದಿರಬೇಕು. ಸಡಿಲ ಸಿಪ್ಪೆ, ಮೇಲೆಲ್ಲ ಕಪ್ಪು ಚುಕ್ಕೆ, ನೋಡಲು ಏನೂ ಚಂದವಿಲ್ಲ. ಉಗುರು ತಾಗಿದ ಕೂಡಲೇ ಸಿಪ್ಪೆಯ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. “ಒಂದು ತೊಳೆ ತಗೊಳ್ಳಿ ಅಜ್ಜಿ” ಎಂದಳು. ತೆಗೆದುಕೊಂಡೆ. ಮಡಿಕೇರಿಯ ಬಸ್ಸು ಬಂದು, ತುಂಬಿಕೊಂಡು, ಹೋಯಿತು. ನಾನು ತೊಳೆಯನ್ನು ಬಾಯಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ಕಾಲದ ಮಾತು ನೆನಪಾಯಿತು. ಯಾವ ಇಲಾಖೆಯಿಂದ ಯಾರು ಜೀಪಿನಲ್ಲಿ ಬಂದರೂ ನಮ್ಮ ಜನ ‘ಮೈಸೂರಿನವರು ಬಂದ್ರು’ ಎನ್ನುತ್ತಿದ್ದರು, ಬಂದವರು ಬೆಳಗಾವಿಯವರಾದರೂ ಸರಿ. ನಮ್ಮ ತವರು ಕುಶಾಲನಗರದ ಹತ್ತಿರ. ನಮ್ಮಜ್ಜ ಹಾಸನದ ಕಡೆಯಿಂದ ಬಂದು ನೆಲೆ ನಿಂತವರು. ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ ಬಿ.ಎ. ಮಾಡಿದ್ದೆ. “ಹೆಣ್ಣುಮಗಳು ಅರ್ಥಶಾಸ್ತ್ರ ಓದಿ ಏನು, ಸೌದೆ ಲೆಕ್ಕ ಹಾಕ್ತಾಳಾ?” ಎಂದು ಸೋದರಮಾವ ಕೇಳಿದ್ದರು. ಮದುವೆಯಾಗಿದ್ದು ನಾಪೋಕ್ಲು ಕಡೆಯ ಅರೆಭಾಷೆ ಗೌಡರ ಮನೆಗೆ. ನನ್ನ ಗಂಡ ಮಡಿಕೇರಿಯಲ್ಲಿ ಹೈಸ್ಕೂಲು ಮಾಸ್ತರು. ಮದುವೆಯಾದ ಮೂರನೆಯ ಮಳೆಗಾಲದಲ್ಲಿ, ಕಕ್ಕಡ ತಿಂಗಳ ಜಡಿಮಳೆಯಲ್ಲಿ, ಟೈಫಾಯಿಡ್ ಬಂದು ತೀರಿಹೋದರು. ಮಕ್ಕಳಿರಲಿಲ್ಲ. ಮಡಿಕೇರಿಯ ಬಾಡಿಗೆ ಮನೆ ಬಿಟ್ಟು, ಒಂದು ಟ್ರಂಕು ಹಿಡಿದುಕೊಂಡು ಅವರ ಊರಿನ ಮನೆಗೆ, ಅವರ ಅಕ್ಕನ ಹತ್ತಿರ ಹೋದೆ. ತವರಿಗೆ ಯಾಕೆ ಹೋಗಲಿಲ್ಲ ಎಂದು ಈಗ ಕೇಳಿದರೆ ಹೇಳಲಾರೆ. ಟ್ರಂಕನ್ನು ಯಾರೋ ಆ ಬಸ್ಸಿಗೆ ಹಾಕಿದರು, ನಾನೂ ಹತ್ತಿದೆ.

ಆ ವರ್ಷ ನನಗೆ ಏನೂ ಅನಿಸಲಿಲ್ಲ. ಇದನ್ನು ದೊಡ್ಡ ದುಃಖ ಎಂದು ಹೇಳಿಕೊಳ್ಳಲಾರೆ, ದುಃಖವಾದರೆ ಅಳು ಬರುತ್ತದೆ. ನನಗೆ ಬರಲಿಲ್ಲ. ಸತ್ತ ದಿನವೂ ಇಲ್ಲ, ಹನ್ನೊಂದನೆಯ ದಿನವೂ ಇಲ್ಲ. ಬಂದ ನೆಂಟರು ನನ್ನ ಮುಖ ನೋಡಿ ನೋಡಿ ಸುಸ್ತಾಗಿ ತಾವೇ ಅತ್ತು ಹೋದರು. ಹಲ್ಲು ಕೀಳುವ ಮೊದಲು ಒಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ಯಾರದೋ ಅನ್ನಿಸುವ ಹಾಗೆ ಇಡೀ ಮೈ ಆಗಿತ್ತು. ಅನ್ನಕ್ಕಿಟ್ಟು ಒಲೆಯ ಮುಂದೆಯೇ ಕೂತಿರುತ್ತಿದ್ದೆ, ಅನ್ನ ಸೀದು ಮನೆಯೆಲ್ಲ ಹೊಗೆಯಾದರೂ ನನಗೆ ವಾಸನೆ ತಿಳಿಯುತ್ತಿರಲಿಲ್ಲ. ಅತ್ತಿಗೆ ಬಂದು ಮಡಕೆ ಇಳಿಸುತ್ತಿದ್ದರು. ಒಂದು ದಿನವೂ ಬಯ್ಯಲಿಲ್ಲ.

ಅತ್ತಿಗೆಯ ಹೆಸರು ಚಿನ್ನಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಬೆಳೆಸಿ, ಗದ್ದೆ ತೋಟ ಎರಡನ್ನೂ ನಡೆಸಿಕೊಂಡು ಬಂದವರು. ಗಿಡ್ಡ ಆಳು, ದೊಡ್ಡ ದನಿ. ಮನೆಯ ಹಿಂದಿನ ಇಳಿಜಾರಿನಲ್ಲಿ ಕಿತ್ತಳೆ ತೋಟವಿತ್ತು. ಅದನ್ನು ನೆಟ್ಟವರು ಅವರ ತಮ್ಮ, ಅಂದರೆ ನನ್ನ ಗಂಡ, ಹೈಸ್ಕೂಲಿಗೆ ಹೋಗುತ್ತಿದ್ದಾಗ. ಬೀಜ ಮೊಳೆಸಿ, ಪಾತಿ ಮಾಡಿ, ಒಂದೊಂದೇ ಗುಂಡಿ ತೋಡಿ ಇಟ್ಟದ್ದು. ಒಳ್ಳೆಯ ವರ್ಷಗಳಲ್ಲಿ ಆ ತೋಟದ ಹಣ್ಣು ಲಾರಿ ಹತ್ತಿ ಮೈಸೂರಿಗೆ ಹೋಗುತ್ತಿತ್ತು. ನಾನು ಟ್ರಂಕಿನೊಂದಿಗೆ ಇಳಿಯುವ ಹೊತ್ತಿಗೆ ಮರಗಳಿಗೆ ಸೊರಗು ರೋಗ ಬಂದಿತ್ತು. ತುದಿಯಿಂದ ಕೊಂಬೆ ಒಣಗುತ್ತಾ ಬರುವುದು, ಎಲೆ ಹಳದಿಯಾಗುವುದು, ಕಾಯಿ ಗೋಲಿಯಷ್ಟಾಗಿ ನಿಂತುಬಿಡುವುದು. ಕೊಡಗಿನಲ್ಲಿ ಎಷ್ಟೋ ತೋಟ ಹಾಗೇ ಹೋದವು. ಯಾಕೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜೀಪಿನಲ್ಲಿ ಬಂದ ಮೈಸೂರಿನವರು, ಕಡಿದು ಸುಡಿ, ಆ ಜಾಗಕ್ಕೆ ಕಾಫಿ ಹಾಕಿ, ಇಲ್ಲದಿದ್ದರೆ ಪಕ್ಕದ ತೋಟಕ್ಕೂ ಹರಡಬಹುದು ಎಂದು ಹೇಳಿ, ಕಾಫಿ ಕುಡಿದು ಹೋದರು. ಅತ್ತಿಗೆ ಕಡಿಯಲಿಲ್ಲ. ಅವರಿಗೆ ತಮ್ಮನ ಕೈಯಿಂದ ಉಳಿದದ್ದು ಅದೊಂದೇ. ಏಲಕ್ಕಿ ಬಿಟ್ಟು, ಗದ್ದೆ ಕೆಲಸ ಅರ್ಧ ಬಿಟ್ಟು, ಇದ್ದಬದ್ದ ಗೊಬ್ಬರವನ್ನೆಲ್ಲ ಹೊತ್ತು ಆ ಮರಗಳ ಬುಡಕ್ಕೆ ಸುರಿಯುತ್ತಿದ್ದರು.

ಆ ಮನೆಯಲ್ಲಿ ಒಂದು ರೂಢಿ ಇತ್ತು. ಏಪ್ರಿಲ್‌ನಲ್ಲಿ ಬಿಸು ಹಬ್ಬ ಕಳೆದ ಮೇಲೆ, ಕಾಯಿ ಬಿಡದೆ ಕಳ್ಳಾಟವಾಡಿದ ಮರವನ್ನು ಹೆದರಿಸುವುದು. ಹಲಸಾಗಲಿ ಕಿತ್ತಳೆಯಾಗಲಿ. ಒಬ್ಬರು ಕೊಡಲಿ ಎತ್ತಿಕೊಂಡು ಮರದ ಮುಂದೆ ನಿಂತು ‘ಕಾಯಿ ಕೊಡ್ತೀಯಾ, ಕಡೀಲಾ?’ ಎಂದು ಮೂರು ಸಲ ಕೇಳಬೇಕು. ಇನ್ನೊಬ್ಬರು ಮರದ ಹಿಂದೆ ನಿಂತು, ಮರದ ಪರವಾಗಿ, ‘ಬೇಡ, ಕಡೀಬೇಡ, ಬರುವ ವರ್ಷ ಕೊಡ್ತೇನೆ’ ಎನ್ನಬೇಕು. ಆಗ ಕೊಡಲಿಯ ಹಿಂಬದಿಯಿಂದ ಒಂದು ಏಟು ತಟ್ಟಿ ಬಿಟ್ಟುಬಿಡುತ್ತಾರೆ. ಉತ್ತರ ಬಾರದಿದ್ದರೆ ಕಡಿಯಲೇಬೇಕು ಎನ್ನುವುದು ನಿಯಮ. ಅದುವರೆಗೆ ಉತ್ತರ ಬಾರದೆ ಇದ್ದದ್ದಿಲ್ಲ. ಕೊಡಲಿ ಯಾವಾಗಲೂ ಅತ್ತಿಗೆಯದು, ಮರ ಯಾವಾಗಲೂ ಅವರ ತಮ್ಮ. “ಅಕ್ಕ, ಈ ವರ್ಷ ನಂಗೆ ನೆಗಡಿ ಆಗಿತ್ತು, ಬರುವ ವರ್ಷ ಎರಡು ಗೋಣಿ ಕೊಡ್ತೇನೆ” ಎಂದು ಮೂಗಿನಲ್ಲಿ ಮಾತಾಡುತ್ತಿದ್ದರು. ಶಾಲೆಯಲ್ಲಿ ಹುಡುಗರನ್ನು ಗಡಗಡ ನಡುಗಿಸುತ್ತಿದ್ದ ಮಾಸ್ತರು. ಮದುವೆಯಾದ ಮೊದಲ ವರ್ಷ ಇದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಡಿಸೆಂಬರಿನಲ್ಲಿ ಹೊಸ ಭತ್ತದ ಹುತ್ತರಿ ಹಬ್ಬ ಕಳೆದು ಬಿಸಿಲು ಕಾಣಿಸಿಕೊಂಡಾಗ ನನ್ನ ಹಳೆಯ ಕಾಲೇಜು ಮೇಷ್ಟ್ರು ಮಡಿಕೇರಿಗೆ ಬಂದವರು ನನ್ನನ್ನು ಹುಡುಕಿ ಕರೆಸಿದರು. ಮೈಸೂರಿನಲ್ಲಿ ಒಂದು ಸಮಿತಿ, ಹೊಸದಾಗಿ ಓದು ಕಲಿತ ದೊಡ್ಡವರಿಗಾಗಿ ಸಣ್ಣ ಸಣ್ಣ ಪುಸ್ತಕ ಮಾಡಿಸುತ್ತಿತ್ತಂತೆ. ಅರ್ಥಶಾಸ್ತ್ರದ್ದು ಇವರ ತಲೆಗೆ ಬಂದಿತ್ತು. ಅವರು ತಿರುಳನ್ನು ಗುರುತು ಹಾಕಿ ಕೊಡುವುದು, ನಾನು ಅದನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಯುವುದು. “ಹಳ್ಳಿಯಲ್ಲಿದ್ದೀಯಲ್ಲಮ್ಮ, ಯಾರಿಂದಾದರೂ ಓದಿಸಿ ನೋಡು” ಎಂದರು. ನನ್ನ ಮೇಲಿನ ಕನಿಕರಕ್ಕೆ ಕೊಟ್ಟ ಕೆಲಸ ಎಂದು ನನಗೆ ಗೊತ್ತಾಯಿತು. ಕನಿಕರಕ್ಕೂ ಏನೂ ಅನಿಸಲಿಲ್ಲ. ಹೂಂ ಎಂದೆ.

ಓದಿಸಲು ಜನ ಮನೆಯಲ್ಲೇ ಇದ್ದರು. ಅತ್ತಿಗೆ ಎರಡು ವರ್ಷದ ಹಿಂದಷ್ಟೇ ವಯಸ್ಕರ ಶಿಕ್ಷಣದ ತರಗತಿಗೆ ಹೋಗಿ ಅಕ್ಷರ ಕಲಿತಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಕಾಲು ಚಾಚಿ, ಬೆರಳಿಟ್ಟುಕೊಂಡು, ಗಟ್ಟಿಯಾಗಿ ಓದುತ್ತಿದ್ದರು. ಅವರು ಎಲ್ಲಿ ಎಡವಿದರೋ ಆ ಶಬ್ದ ಹೊಡೆದು ಹಾಕುವುದು ಎಂದು ನಿಯಮ ಮಾಡಿಕೊಂಡೆ. ಮೊದಲ ದಿನವೇ ‘ಸೀಮಾಂತ ತುಷ್ಟಿಗುಣದ ಕ್ಷೀಣತೆ’ಗೆ ಬಂದು ನಿಂತರು. ನೋಡೋಣ ಎಂದೇ ನಾನು ಅದನ್ನು ಮೇಷ್ಟ್ರು ಹೇಳಿದಂತೆಯೇ ಬರೆದಿದ್ದೆ.

“ಇದು ಎಂತ, ಮದ್ದಿನ ಹೆಸರಾ?”

“ಹಂದಿ ಸಾರಿಗೆ ಮೊದಲನೇ ಕಡುಬು ತಿಂದಾಗ ಹೇಗಿರ್ತದೆ ಅತ್ತಿಗೆ?”

“ಸ್ವರ್ಗ.”

“ಏಳನೇದು?”

“ಏಳನೇದು ಯಾರಾದ್ರೂ ಒತ್ತಾಯ ಮಾಡಿದ್ರೆ.”

“ಅದೇ ಇದು. ಕಡುಬು ಅದೇ, ಸಾರು ಅದೇ. ಆದ್ರೆ ಒಂದು ಸಿಕ್ಕಿದ ಮೇಲೆ ಮುಂದಿನದ್ದಕ್ಕೆ ನಾವು ಕೊಡೋ ಬೆಲೆ ಕಮ್ಮಿ ಆಗ್ತಾ ಹೋಗ್ತದೆ.”

“ಅದಕ್ಕೆ ಇಷ್ಟುದ್ದ ಹೆಸರು ಇಟ್ಟರಾ? ಹಸಿವು ಗೊತ್ತಿಲ್ಲದವರು” ಎಂದರು. ಪುಸ್ತಕದಲ್ಲಿ ಕಡುಬೇ ಉಳಿಯಿತು. ಅಂದು ರಾತ್ರಿ ನನ್ನ ಎಲೆಗೆ ಮೊದಲನೆಯ ಕಡುಬು ಹಾಕಿ ನನ್ನ ಮುಖವನ್ನೇ ನೋಡಿದರು. ನನಗೆ ಮೊದಲನೆಯದೂ ಏಳನೆಯದೂ ಒಂದೇ ಆಗಿತ್ತು. ನುಂಗಿದೆ.

ಹೀಗೆ ಪಾಠಗಳು ಸಾಗಿದವು. ಬೆಲೆಯ ಪಾಠದಲ್ಲಿ, ಬೆಲೆ ಯಾರೋ ಕುರ್ಚಿಯಲ್ಲಿ ಕೂತು ಬರೆದದ್ದಲ್ಲ, ಸರಕು ಇದ್ದವರೂ ಅದು ಬೇಕಾದವರೂ ಒಬ್ಬರಿಗೊಬ್ಬರು ಕಳಿಸುವ ಸುದ್ದಿ ಎಂದು ಬರೆದೆ. ಎಲ್ಲರ ಮರವೂ ಒಟ್ಟಿಗೆ ಹಣ್ಣಾದಾಗ ನಾಪೋಕ್ಲಿನಲ್ಲಿ ಕಿತ್ತಳೆಯನ್ನು ದನವೂ ಮೂಸುವುದಿಲ್ಲ, ಮೈಸೂರಿನಲ್ಲಿ ಅದೇ ಹಣ್ಣಿಗೆ ಜನ ಚೌಕಾಶಿ ಮಾಡಿ ಜಗಳವಾಡುತ್ತಾರೆ. ಹಾಗಾಗಿಯೇ ಲಾರಿ ಹುಟ್ಟುವುದು. ಅತ್ತಿಗೆ ಇದನ್ನು ಎಡವದೆ ಓದಿದರು. ಅವರು ಲಾರಿಯವರ ಹತ್ತಿರ ಜಗಳವಾಡಿ ಪಳಗಿದವರು.

ಮುಂದಿನ ಪಾಠ, ಯಾವುದಕ್ಕೂ ನಿಜವಾದ ಖರ್ಚು ಎಂದರೆ ಅದಕ್ಕಾಗಿ ನಾವು ಬಿಟ್ಟುಕೊಟ್ಟ ಇನ್ನೊಂದು ಎನ್ನುವುದು.

“ನಿನ್ನೆ ಕಿತ್ತಳೆಗೆ ಗೊಬ್ಬರ ಹಾಕಿದ್ರಲ್ಲ, ಏನು ಖರ್ಚಾಯ್ತು?” ಎಂದು ಕೇಳಿದೆ.

“ಎಂತ ಖರ್ಚು? ಗೊಬ್ಬರ ನಮ್ಮದು, ಬೆನ್ನು ನಮ್ಮದು.”

“ಅದನ್ನು ಮಾಡದೆ ಇದ್ದಿದ್ರೆ ಏನು ಮಾಡ್ತಿದ್ರಿ?”

“ಏಲಕ್ಕಿ ಕಳೆ ತೆಗೀತಿದ್ದೆ.”

“ಹಾಗಾದ್ರೆ ಖರ್ಚು ಏಲಕ್ಕಿ.”

ಅತ್ತಿಗೆ ಮರುದಿನ ಮಬ್ಬಿನಲ್ಲೇ ಎದ್ದು ಏಲಕ್ಕಿ ಕಳೆ ತೆಗೆದು, ಆಮೇಲೆ ಕಿತ್ತಳೆಗೆ ಹೋದರು. ಬಂದು, “ಈಗ ಎರಡೂ ಆತ್, ನೋಡು” ಎಂದರು. “ಹಾಗಾದ್ರೆ ಖರ್ಚು ನಿಮ್ಮ ನಿದ್ದೆ” ಎಂದೆ. “ನಿನ್ನ ಪಾಠಕ್ಕೆ ಬಾಲ ಉದ್ದ ಮಾರಾಯ್ತಿ” ಎಂದು ಗೋಡೆಗೆ ಒರಗಿ ಅಲ್ಲೇ ನಿದ್ದೆ ಹೋದರು. ಕೈಯೆಲ್ಲ ಸೀಳು ಬಿಟ್ಟಿತ್ತು. ಅದನ್ನು ನೋಡಿದೆ. ಎಣ್ಣೆ ತಂದು ಹಚ್ಚಬೇಕು ಎಂದು ತಿಳಿಯಿತು, ಏಳಲಿಲ್ಲ.

ನಮ್ಮ ಬೇಲಿಯಾಚೆ ಬೆಳ್ಯಪ್ಪಣ್ಣನ ತೋಟ. ಅವರದ್ದೂ ಕಿತ್ತಳೆ, ಇನ್ನೂ ಹಸುರಾಗಿತ್ತು. ಅವರ ಸಂಸಾರ ನಿಂತಿದ್ದೇ ಅದರ ಮೇಲೆ. ಅತ್ತಿಗೆಯ ಜೊತೆ ಅವರು ಚಿಕ್ಕಂದಿನಿಂದ ಆಡಿ ಬೆಳೆದವರು, ಮಾತು ಕಡಿಮೆ. ವಾರಕ್ಕೊಮ್ಮೆ ಬೇಲಿಯ ಹತ್ತಿರ ಬಂದು ನಮ್ಮ ಒಣಗಿದ ಕೊಂಬೆಗಳನ್ನು ನೋಡಿ, ಈ ಸಲ ಮಾವಿನ ಹೂವು ಜೋರು, ಎಂದೋ ಏನೋ ಹೇಳಿ ಹೋಗುತ್ತಿದ್ದರು. ಫೆಬ್ರವರಿಯಲ್ಲಿ ಒಂದು ದಿನ ಅತ್ತಿಗೆ ಗದ್ದೆಯಲ್ಲಿದ್ದಾಗ ಬಂದರು. ಕೈಯಲ್ಲಿ ಒಂದು ರೆಂಬೆ. ತುದಿಯ ಎರಡು ಎಲೆ ಹಳದಿ, ನರಗಳು ಮಾತ್ರ ಹಸುರು.

“ಬೇಲಿ ಬದಿಯ ಮರದ್ದು” ಎಂದರು. “ಅವಳಿಗೆ ತೋರಿಸಬೇಡ. ನಿಂಗೆ ತೋರಿಸಿದೆ, ಅಷ್ಟೆ.”

ರೆಂಬೆಯನ್ನು ಜೇಬಿಗೆ ಹಾಕಿಕೊಂಡು ಹೋದರು. ನಾನು ಅತ್ತಿಗೆಗೆ ಹೇಳಲಿಲ್ಲ. ಆದರೆ ಮೇಷ್ಟ್ರು ಗುರುತು ಹಾಕಿದ್ದ ಮುಂದಿನ ಪಾಠ ಅದೇ ಆಗಿತ್ತು. ಒಬ್ಬರು ತಮ್ಮ ಪಾಡಿಗೆ ಮಾಡಿದ ಕೆಲಸಕ್ಕೆ, ಆ ಕೆಲಸದಲ್ಲಿ ಪಾಲೂ ಇಲ್ಲದ, ಒಪ್ಪಿಗೆಯೂ ಕೊಡದ ಇನ್ನೊಬ್ಬರು ಬೆಲೆ ತೆರುವುದು. ಊರ ಮೇಲ್ಗಡೆ ಹೊಳೆಯಲ್ಲಿ ಚರ್ಮ ತೊಳೆದರೆ ಕೆಳಗಿನವರು ಕುಡಿಯುವ ನೀರು ಕೆಡುತ್ತದಲ್ಲ, ಅದನ್ನು ಉದಾಹರಣೆಯಾಗಿ ಬರೆದೆ. ಅತ್ತಿಗೆ ಓದಿ ಮುಗಿಸಿ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಇದು ಬೆಳ್ಯಪ್ಪ ಹೇಳಿಕೊಟ್ಟ ಪಾಠವಾ?”

“ಅಲ್ಲ ಅತ್ತಿಗೆ. ಮೈಸೂರಿನವರದ್ದು.”

“ಮೈಸೂರಿನವರಿಗೆ ನಮ್ಮ ಬೇಲಿ ವಿಷಯ ಯಾರು ಹೇಳಿದ್ರು?”

ಅಂದಿನಿಂದ ಬೆಳ್ಯಪ್ಪಣ್ಣ ಬೇಲಿಯ ಹತ್ತಿರ ಬಂದರೆ ಅತ್ತಿಗೆ ಕೊಟ್ಟಿಗೆಯೊಳಗೆ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದರು.

ಮಾರ್ಚಿನಲ್ಲಿ ಒಂದೆರಡು ಮಳೆ ಬಿತ್ತು. ಸುತ್ತಲಿನ ಕಾಫಿ ತೋಟಗಳೆಲ್ಲ ಒಂದೇ ಬೆಳಗಿಗೆ ಬೆಳ್ಳಗೆ ಹೂಬಿಟ್ಟವು. ಬೆಳ್ಯಪ್ಪಣ್ಣನ ಕಿತ್ತಳೆಯೂ ಹೂಬಿಟ್ಟಿತು. ನಮ್ಮದು ಅಲ್ಲೊಂದು ಇಲ್ಲೊಂದು ಬಿಟ್ಟು, ಅದೂ ಉದುರಿತು. ಕಾಫಿ ಸಸಿ ಹಾಕುವುದಾದರೆ ಜೂನ್ ಮಳೆಗೆ ಮುಂಚೆ ಜಾಗ ಬರಿದಾಗಿ ಗುಂಡಿ ತಯಾರಾಗಬೇಕು. ತಪ್ಪಿದರೆ ಇನ್ನೊಂದು ವರ್ಷ. ಇದು ಅತ್ತಿಗೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನನಗೆ ಉಳಿದಿದ್ದದ್ದು ಕೊನೆಯ ಪಾಠ. ಖರ್ಚಾಗಿ ಹೋದದ್ದು ತಿರುಗಿ ಬರುವುದಿಲ್ಲ, ಆದ್ದರಿಂದ ಮುಂದೇನು ಮಾಡಬೇಕು ಎಂದು ನಿರ್ಧರಿಸುವಾಗ ಹೋದದ್ದನ್ನು ತಕ್ಕಡಿಗೆ ಹಾಕಬಾರದು, ಇನ್ನು ಬರುವುದನ್ನು ಮಾತ್ರ ತೂಗಿ ನೋಡಬೇಕು ಎನ್ನುವುದು. ಉದಾಹರಣೆ ಕೊಡಿ ಅತ್ತಿಗೆ ಎಂದೆ.

“ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ಇಟ್ಟುಕೋ. ಹಾಕಿದ ತೆಂಗಿನಕಾಯಿ ದಂಡ ಆಗ್ತದಲ್ಲ ಅಂತ ಇನ್ನೊಂದು ತೆಂಗಿನಕಾಯಿ ಹಾಕೋದು. ಅದಕ್ಕೆ ನೀರು. ನೀರಿಗೆ ಹುಳಿ. ಕೊನೆಗೆ ಹಂಡೆ ತುಂಬ ಸಾರು, ಉಣ್ಣೋಕೆ ಇಬ್ಬರು.”

ನಾನು ಅದನ್ನೇ ಬರೆದೆ. ಮರುದಿನ ಅವರು ಅದನ್ನು ಓದಿದರು. ಒಂದು ಕಡೆಯೂ ಎಡವಲಿಲ್ಲ. ಓದಿ ಇಳಿಜಾರಿನ ಕಡೆ ತಿರುಗಿದರು.

“ಸಾರು ಬೇಡ” ಎಂದರು. “ಸಾರು ಚೆಲ್ಲಿದ್ರೆ ಯಾರಿಗೆ ಎಂತ ಹೋಗ್ತದೆ. ಕಿತ್ತಳೆ ಬರಿ.”

ಬರೆದೆ. ಒಬ್ಬಳ ತೋಟದಲ್ಲಿ ಕಿತ್ತಳೆ ಮರಗಳಿದ್ದವು, ಅವು ಅವಳ ತಮ್ಮ ನೆಟ್ಟ ಮರಗಳು, ರೋಗ ಬಂದು ಒಣಗುತ್ತಿದ್ದವು, ಅವಳು ದಿನಾ ಗೊಬ್ಬರ ಹೊರುತ್ತಿದ್ದಳು, ಎಂದು. ಬೇರೆ ಯಾರದೋ ಊರಿನ ಸುದ್ದಿ ಬರೆದ ಹಾಗೆ ಬರೆದೆ. ಅತ್ತಿಗೆ ಬೆರಳಿಟ್ಟು ಓದುತ್ತಾ ಒಂದು ಕಡೆ ನಿಂತರು.

“ತಮ್ಮ ಅಂತ ಬರ್ದಿದೀಯಾ?”

“ಬೇಡ ಅಂದ್ರೆ ತೆಗೀತೇನೆ.”

“ಇರಲಿ.” ಹಾಳೆಯ ಕೊನೆಯವರೆಗೆ ಓದಿ, “ಕೊನೆಗೆ ಅವಳು ಎಂತ ಮಾಡಿದ್ಲು ಅಂತ ಬರ್ದಿಲ್ಲೆ.”

“ಅದು ಪಾಠದಲ್ಲಿ ಬರೋದಿಲ್ಲ ಅತ್ತಿಗೆ. ಓದಿದವರು ಯೋಚನೆ ಮಾಡ್ಬೇಕು.”

“ಒಳ್ಳೇ ಪಾಠ” ಎಂದು ಎದ್ದು ಹೋದರು.

ಬಿಸು ಬಂತು. ಸೂತಕದ ವರ್ಷವಾದ್ದರಿಂದ ನಾವು ಹಬ್ಬ ಮಾಡಲಿಲ್ಲ. ಅದರ ಮರುದಿನ ಬೆಳಿಗ್ಗೆ ಅತ್ತಿಗೆ ಕೊಡಲಿ ತೆಗೆದು, ಕಲ್ಲಿಗೆ ಉಜ್ಜಿ ಹರಿತ ಮಾಡಿದರು. ಮರ ಹೆದರಿಸಲು ಹರಿತ ಬೇಕಾಗಿರಲಿಲ್ಲ. “ಬಾ” ಎಂದರು. ನಾನು ಹಿಂದೆ ಹೋದೆ. ಮೊದಲ ಮರದ ಹತ್ತಿರ ನಿಂತು, “ನೀನು ಹಿಂದೆ ನಿಲ್ಲು. ಅವ ನಿಲ್ತಿದ್ದಲ್ಲಿ” ಎಂದರು.

ನಿಂತೆ. ಮರದ ತೊಗಟೆಯ ಮೇಲೆ ಇರುವೆ ಸಾಲು ಹೋಗುತ್ತಿತ್ತು.

“ಕಾಯಿ ಕೊಡ್ತೀಯಾ, ಕಡೀಲಾ?” ಅತ್ತಿಗೆಯ ದೊಡ್ಡ ದನಿ ಅಂದು ದೊಡ್ಡದಾಗಿರಲಿಲ್ಲ. ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳಿ, ಕೊಡಲಿ ಎತ್ತಿಕೊಂಡೇ, ಕಾದರು. ಮಾತು ನನಗೆ ಗೊತ್ತಿತ್ತು. ಬಾಯಿಯನ್ನೂ ತೆರೆದಿದ್ದೆ. ಬೇಡ, ಕಡೀಬೇಡ, ಬರುವ ವರ್ಷ. ಅಷ್ಟೇ ಮಾತು. ಒಂದು ಸಲ ಹೇಳಿದ್ದರೆ ಅತ್ತಿಗೆ ಹಿಂಬದಿಯಿಂದ ತಟ್ಟಿ, ಕೊಡಲಿ ಕೆಳಗಿಟ್ಟು, ಗೊಬ್ಬರದ ಬುಟ್ಟಿ ಎತ್ತಿಕೊಳ್ಳುತ್ತಿದ್ದರು. ನಾನು ಪಾಠವನ್ನು ನೆನೆದು ಸುಮ್ಮನಿದ್ದೆ ಎಂದು ಯಾರಾದರೂ ತಿಳಿದರೆ ತಪ್ಪು. ಬೆಳ್ಯಪ್ಪಣ್ಣನ ರೆಂಬೆಯೂ ನೆನಪಿಗೆ ಬರಲಿಲ್ಲ. ಬರುವ ವರ್ಷ ಎಂದು ಹೇಳಲು ಮನಸ್ಸಿನಲ್ಲಿ ಬರುವ ವರ್ಷ ಎನ್ನುವುದೊಂದು ಇರಬೇಕು. ನನ್ನಲ್ಲಿ ಅದು ಇರಲಿಲ್ಲ.

ಕೊಡಲಿ ಹರಿತದ ಕಡೆಯಿಂದ ಬಿತ್ತು.

ಅತ್ತಿಗೆ ಎರಡನೆಯ ಮರಕ್ಕೆ ಹೋದರು. ಅಲ್ಲೂ ಮೊದಲಿಂದ ಕೇಳಿದರು, ಮೂರು ಸಲ. ನಾನು ಹಿಂದೆ ಹೋಗಿ ನಿಂತೆ. ಮೂರನೆಯ ಮರಕ್ಕೂ ಕೇಳಿದರು. ಒಂದೇ ಒಂದು ಮರವನ್ನೂ ಕೇಳದೆ ಕಡಿಯಲಿಲ್ಲ. ಬಿಸಿಲೇರುವ ಹೊತ್ತಿಗೆ ಬೆಳ್ಯಪ್ಪಣ್ಣ ತಮ್ಮ ಕೊಡಲಿ ಹಿಡಿದುಕೊಂಡು ಬೇಲಿ ದಾಟಿ ಬಂದರು. ಯಾರೂ ಕರೆದಿರಲಿಲ್ಲ. ಒಂದು ಮರದ ಮುಂದೆ ನಿಂತು, ಅತ್ತಿಗೆಯ ಕಡೆ ನೋಡಿ, ಅವರೂ ಕೇಳಿದರು, ಮೆಲ್ಲಗೆ, ದೇವರ ಮುಂದೆ ಕೇಳುವ ಹಾಗೆ. ಕೇಳಿ ಕಾದರು. ಆಮೇಲೆ ಕಡಿದರು. ಅವರ ಹೆಂಡತಿ ಬೆಲ್ಲದ ಕಾಫಿ ತಂದಿಟ್ಟು ಹೋದರು. ಇಡೀ ಇಳಿಜಾರಿನಲ್ಲಿ ಕಿತ್ತಳೆ ಎಲೆ ಜಜ್ಜಿದ ವಾಸನೆ ತುಂಬಿತ್ತಂತೆ. ಅದನ್ನು ಆಮೇಲೆ ಬೆಳ್ಯಪ್ಪಣ್ಣನ ಹೆಂಡತಿ ಹೇಳಿದ್ದು. ನನಗೆ ತಿಳಿಯಲಿಲ್ಲ.

ಸಂಜೆ ಕೈಕಾಲು ತೊಳೆದುಕೊಂಡು ಜಗಲಿಗೆ ಬಂದಾಗ ಅತ್ತಿಗೆ ಒಂದೇ ಮಾತು ಹೇಳಿದರು. “ನೀ ಹೇಳ್ತೀಯೇನೋ ಅಂತ ಇದ್ದೆ.” ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತೋ ಏನೋ.

ಮರ ಒಣಗಿದ ಮೇಲೆ ಸುಟ್ಟೆವು. ಜೂನ್ ಮಳೆಗೆ ಕಾಫಿ ಸಸಿ ನೆಟ್ಟೆವು, ಬೆಳ್ಯಪ್ಪಣ್ಣನ ಮನೆಯವರೆಲ್ಲ ಬಂದು ಗುಂಡಿ ತೋಡಿಕೊಟ್ಟರು. ಅವರ ತೋಟ ಮತ್ತೆ ಕೆಲವು ವರ್ಷ ಹಣ್ಣು ಕೊಟ್ಟಿತು. ಕಕ್ಕಡದಲ್ಲಿ ವರ್ಷದ ಕರ್ಮಗಳಾದವು. ಭಟ್ಟರು ಹೇಳಿದ ಕಡೆಯೆಲ್ಲ ನೀರು ಬಿಟ್ಟೆ. ಆಗಲೂ ಅಳು ಬರಲಿಲ್ಲ. ಕೈಬರಹದ ಹಾಳೆಗಳನ್ನು ಮೇಷ್ಟ್ರಿಗೆ ಕಳಿಸಿ ಆಗಿತ್ತು. ಪುಸ್ತಕ ಬರುತ್ತದೆ ಎಂಬುದನ್ನೂ ನಾನು ಮರೆತಿದ್ದೆ. ಅತ್ತಿಗೆ ಮರೆತಿರಲಿಲ್ಲ. ನಾಪೋಕ್ಲಿಗೆ ಹೋದಾಗಲೆಲ್ಲ ಪೋಸ್ಟ್ ಆಫೀಸಿಗೆ ಇಣುಕಿ ಬರುತ್ತಿದ್ದರು.

ಹುತ್ತರಿಯ ಹೊತ್ತಿಗೆ ಬಂತು. ತೆಳ್ಳನೆಯ ಪುಸ್ತಕ, ದಪ್ಪ ಅಕ್ಷರ, ರಟ್ಟಿನ ಮೇಲೆ ತಕ್ಕಡಿಯ ಚಿತ್ರ. ನಾನು ಅನ್ನಕ್ಕಿಟ್ಟು ಒಲೆಯ ಮುಂದೆ ಕೂತಿದ್ದೆ. ಅತ್ತಿಗೆ ಕಟ್ಟು ಬಿಚ್ಚಿಕೊಂಡೇ ಒಳಗೆ ಬಂದು ನನ್ನ ಪಕ್ಕ ಮಣೆ ಎಳೆದುಕೊಂಡರು. ಕಡುಬು ಇತ್ತು, ಲಾರಿ ಇತ್ತು. “ಎಲ್ಲ ಉಟ್ಟು” ಎಂದು, ಎಲ್ಲವೂ ಇದೆ ಎಂಬ ಖುಷಿಯಿಂದ ಹಾಳೆ ಮಗುಚಿ ಕೊನೆಯ ಪಾಠಕ್ಕೆ ಬಂದರು. ಬೆರಳಿಟ್ಟು ಓದಿದರು.

“ಒಂದು ಗಿರಣಿಯಲ್ಲಿ... ಹಳೆಯ ಯಂತ್ರವೊಂದು... ಇದ್ದಿತೆಂದು ಭಾವಿಸೋಣ.”

ಬೆರಳು ಅಲ್ಲೇ ನಿಂತಿತು. ಕೆಳಗಿನವರೆಗೆ ಕಣ್ಣಾಡಿಸಿದರು. ಮಾಲೀಕ, ಯಂತ್ರ, ದುರಸ್ತಿ. ಬೆರಳಿಗೆ ಎಂಜಲು ಹಚ್ಚಿಕೊಂಡು ಹಿಂದಿನ ಹಾಳೆ ನೋಡಿದರು, ಮುಂದಿನದು ನೋಡಿದರು, ಎಲ್ಲಾದರೂ ಜಾಗ ಬದಲಾಯಿಸಿದ್ದಾರೋ ಎಂದು ಹುಡುಕಿದರು.

“ನಮ್ಮ ಕಿತ್ತಳೆ ಎಲ್ಲಿ?”

“ತೆಗೆದುಬಿಟ್ಟಿದ್ದಾರೆ ಅತ್ತಿಗೆ. ಸಮಿತಿಯವರಿಗೆ ಗಿರಣಿ ಸರಿ ಅನ್ನಿಸಿರ್ಬೇಕು.”

“ತಮ್ಮ?”

“ಇಲ್ಲ.”

ಅತ್ತಿಗೆ ಪುಸ್ತಕವನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡರು. “ಅದನ್ನೂ ಕಡಿದ್ರಾ” ಎಂದರು, ಯಾರನ್ನೂ ಕೇಳದ ಹಾಗೆ.

“ಬೇಡ” ಎಂದೆ. ಅದು ನನ್ನ ಬಾಯಿಂದ ಬಂದದ್ದೇ ನನಗೆ ಗೊತ್ತಾಗಲಿಲ್ಲ. “ಬೇಡ ಅತ್ತಿಗೆ, ಕಡೀಬೇಡಿ.” ಆಮೇಲೆ ಎಲ್ಲಿತ್ತೋ ಅಷ್ಟು ಅಳು, ಎದೆ ಬಿರಿಯುವ ಹಾಗೆ ಬಂತು. ಕಡೀಬೇಡಿ, ಕಡೀಬೇಡಿ ಎನ್ನುತ್ತಿದ್ದೆ, ಬರುವ ವರ್ಷ ಎನ್ನುತ್ತಿದ್ದೆ, ಮುಂದಿನದು ಬಾಯಿಗೆ ಬರುತ್ತಿರಲಿಲ್ಲ. ಅತ್ತಿಗೆ ನನ್ನ ತಲೆಯನ್ನು ಎಳೆದು ಮಡಿಲಿಗೆ, ಆ ಪುಸ್ತಕದ ಮೇಲೆಯೇ, ಇಟ್ಟುಕೊಂಡರು. ಅವರ ಸೀಳು ಬಿಟ್ಟ ಕೈ ನನ್ನ ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು.

“ಹೇಳು” ಎಂದರು. “ಈಗ್ಲಾದ್ರೂ ಹೇಳು.”

ಹೇಳಿದೆ. ನನ್ನ ಗಂಡನ ಪರವಾಗಿ, ಅವರು ನಿಂತು ಹೇಳುತ್ತಿದ್ದ ಅಷ್ಟೂ ಮರಗಳ ಪರವಾಗಿ, ಹೇಳುತ್ತಲೇ ಇದ್ದೆ. ಅನ್ನ ಸೀದ ವಾಸನೆ ಮೂಗಿಗೆ ಬಂದು, ನಾನೇ ಎದ್ದು ಮಡಕೆ ಇಳಿಸುವವರೆಗೂ ಹೇಳಿದೆ.